ತಂಬಾಕಿನ ಎಲೆಯಲ್ಲಿ ಬೆಳಕಿನ ಸಾಕ್ಷಿ

ವಿಜ್ಞಾನದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಕಂಡುಹಿಡಿದವರ ಚರಿತ್ರೆಯನ್ನು ಬರೆಯುತ್ತಾರೆ. ಅವರಿಗೆ ಕಾಣಿಸಿಕೊಟ್ಟ ವಸ್ತುಗಳ ಚರಿತ್ರೆ ಬಹುಮಟ್ಟಿಗೆ ಪುಟದ ಅಂಚಿನಲ್ಲಿಯೇ ಉಳಿದುಬಿಡುತ್ತದೆ. ದೂರದರ್ಶಕಕ್ಕೂ ಸೂಕ್ಷ್ಮದರ್ಶಕಕ್ಕೂ ಒಂದಿಷ್ಟು ಗೌರವ ಸಂದಿದೆ. ಆದರೆ ಜೀವಕೋಶದ ಒಳಗೆ ಹೊಕ್ಕು, ಅಲ್ಲಿ ಕ್ಷಣಮಾತ್ರ ಹುಟ್ಟಿ ಸಾಯುವ ಅಣುಗಳ ಸುಳಿವನ್ನು ಬೆಳಕಿನ ಮೂಲಕ ಹೊರಗೆ ತಿಳಿಸುವ ಬಣ್ಣಗಳ ವಿಷಯ ಸಾಹಿತ್ಯಾಸಕ್ತರಾದ ನಮ್ಮ ಕಿವಿಗೆ ಬಿದ್ದುದು ಕಡಮೆ. ಈ ಬಣ್ಣಗಳನ್ನು ಪ್ರತಿದೀಪ್ತಿ ಶೋಧಕಗಳೆಂದು ಕರೆಯಬಹುದು. ಅವುಗಳ ಕಥೆಯನ್ನು ಇಂದು ಹೇಳಬೇಕೆಂದಿದ್ದೇನೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಕಡೆಯವರಿಗೆ ಈ ವಿಷಯ ತಮಗೆ ಸಂಬಂಧಿಸಿದ್ದಲ್ಲವೆಂದು ತೋರಬಹುದು. ಸಸ್ಯಶಾಸ್ತ್ರವನ್ನು ಕಲಿಸುತ್ತ ಈ ನಾಡಿನಲ್ಲಿಯೇ ಬಹುಕಾಲ ಕಳೆದ ನನಗೂ ಮೊದಲು ಹಾಗೆಯೇ ತೋರಿತ್ತು. ಆದರೆ ಈ ಬೆಳಕಿನ ಸಾಕ್ಷಿಯನ್ನು ಅತ್ಯಂತ ಕಠಿಣವಾದ ಪಾಟೀಸವಾಲಿಗೆ ಒಳಪಡಿಸಿದ ಎಲೆ ಯಾವುದೆಂದು ಹುಡುಕುತ್ತ ಹೋದರೆ ದೊರೆಯುವುದು ನಮ್ಮ ಹೊಲದ್ದೇ ಎಲೆ, ತಂಬಾಕು.

ಕೃಷ್ಣೆಯ ದಂಡೆಗೆ ಅಥಣಿ, ರಾಯಬಾಗ, ಕಾಗವಾಡಗಳಲ್ಲಿ ಕಬ್ಬು ಹೇಗೋ, ದೂಧಗಂಗೆ ವೇದಗಂಗೆಗಳ ನಡುವಿನ ನಿಪ್ಪಾಣಿಯ ಸೀಮೆಗೆ ಬೀಡಿ ತಂಬಾಕು ಹಾಗೆ. ಇದು ಅಮೆರಿಕ ಖಂಡದ ಗಿಡ. ನಮ್ಮಲ್ಲಿಗೆ ಪೋರ್ಚುಗೀಸರ ಹಡಗುಗಳಲ್ಲಿ ಬಂದದ್ದು. ಉತ್ತರ ಹಿಂದೂಸ್ಥಾನಕ್ಕೆ ಇದರ ಪರಿಚಯವಾದ ಬಗೆ ಸ್ವಾರಸ್ಯವಾಗಿದೆ. ಅಕ್ಬರನ ರಾಯಭಾರಿಯಾಗಿ ವಿಜಾಪುರದ ಆದಿಲಶಾಹಿ ದರಬಾರಿಗೆ ಬಂದಿದ್ದ ಅಸದ್ ಬೇಗನು 1604-05ರ ಸುಮಾರಿನಲ್ಲಿ ಇಲ್ಲಿಂದ ತಂಬಾಕನ್ನೂ ಅಲಂಕೃತವಾದ ಒಂದು ಕೊಳವೆಯನ್ನೂ ಕೊಂಡೊಯ್ದು ಬಾದಶಹನ ಮುಂದಿಟ್ಟನು. ಅಕ್ಬರನು ಒಂದೆರಡು ಸಲ ಹೊಗೆ ಎಳೆದನೆಂದೂ, ಆಸ್ಥಾನದ ಹಕೀಮನು ಈ ಪರಿಚಯವಿಲ್ಲದ ವಸ್ತು ಬೇಡವೆಂದು ತಡೆದನೆಂದೂ ಅಸದ್ ಬೇಗನೇ ಬರೆದಿಟ್ಟಿದ್ದಾನೆ. 1617ರಲ್ಲಿ ಜಹಾಂಗೀರನು ಧೂಮಪಾನವನ್ನು ನಿಷೇಧಿಸಿದನು. ಹಕೀಮನ ಮಾತೂ ಉಳಿಯಲಿಲ್ಲ, ಬಾದಶಹನ ಆಜ್ಞೆಯೂ ಉಳಿಯಲಿಲ್ಲ, ಎಲೆ ಉಳಿಯಿತು.

ಆ ಎಲೆಯ ಸುತ್ತ ನಮ್ಮ ಜನರ ಬದುಕು ಕಟ್ಟಿಕೊಂಡಿತು. ವಖಾರಿಗಳಲ್ಲಿ ತಂಬಾಕನ್ನು ಚಾಳಿಸಿ, ಕುಟ್ಟಿ, ಚೀಲಕ್ಕೆ ತುಂಬಿದವರು ಹೆಚ್ಚಾಗಿ ಹೆಂಗಸರು. ಅವರು ಸಂಘಟಿತರಾಗಿ ಕೂಲಿಗಾಗಿಯೂ ಮಾನಕ್ಕಾಗಿಯೂ ಹೋರಾಡಿದ್ದನ್ನು ಯುಗಾಂತರ ಎಂಬ ಮಹಿಳಾ ತಂಡವು 1982ರಲ್ಲಿ ಸಾಕ್ಷ್ಯಚಿತ್ರವಾಗಿ ದಾಖಲಿಸಿತು. ಅದಕ್ಕೆ ಒಂದು ವರ್ಷ ಮೊದಲು, 1981ರಲ್ಲಿ, ಬೆಳೆಗೆ ನ್ಯಾಯವಾದ ಬೆಲೆ ಬೇಕೆಂದು ರೈತರು ಶರದ್ ಜೋಶಿಯವರ ಮುಂದಾಳುತನದಲ್ಲಿ ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆ ಕುಳಿತರು. ಏಪ್ರಿಲ್ ತಿಂಗಳಲ್ಲಿ ನಡೆದ ಗೋಲಿಬಾರಿನಲ್ಲಿ ರೈತರು ಪ್ರಾಣ ಕಳೆದುಕೊಂಡರು. ಬೆಲೆ, ಕೂಲಿ, ಕೆಮ್ಮು, ಸಾವು ಇವೆಲ್ಲವನ್ನೂ ನಾವು ಈ ಎಲೆಯೊಡನೆ ಸೇರಿಸಿಯೇ ನೆನೆಯುತ್ತೇವೆ. ಇದೇ ಜಾತಿಯ ಎಲೆ ಜಗತ್ತಿನ ಪ್ರಯೋಗಶಾಲೆಗಳಲ್ಲಿ ಇನ್ನೊಂದು ಬಾಳನ್ನು ಬಾಳಿತೆಂಬುದು ಮಾತ್ರ ನಮ್ಮ ಗಮನಕ್ಕೆ ಬಂದಿಲ್ಲ.

ಆ ಕಥೆಗೆ ಮೊದಲು ಪ್ರತಿದೀಪ್ತಿಯೆಂದರೇನೆಂಬುದನ್ನು ನೋಡಬೇಕು. ನಾನು ವಿದ್ಯಾರ್ಥಿಗಳಿಗೆ ಇದನ್ನು ತೋರಿಸುತ್ತಿದ್ದುದು ಬಹಳ ಸುಲಭವಾದ ರೀತಿಯಲ್ಲಿ. ಯಾವುದಾದರೂ ಹಸಿರೆಲೆಯನ್ನು ಅರೆದು ಸ್ಪಿರಿಟ್ಟಿನಲ್ಲಿ ನೆನೆಯಿಟ್ಟು ಸೋಸಿದರೆ ಹಸಿರು ದ್ರವ ಬರುತ್ತದೆ. ಅದನ್ನು ಗಾಜಿನ ನಳಿಗೆಯಲ್ಲಿ ಹಾಕಿ ಬಿಸಿಲಿಗೆ ಹಿಡಿದು ಪಕ್ಕದಿಂದ ನೋಡಿದರೆ ಹಸಿರಿನ ಬದಲು ರಕ್ತದಂಥ ಕೆಂಪು ಕಾಣುತ್ತದೆ. ಪತ್ರಹರಿತ್ತು ಬಿಸಿಲಿನ ನೀಲಿಯನ್ನು ನುಂಗಿ ಕೆಂಪನ್ನು ಹೊರಹಾಕುತ್ತದೆ. ನುಂಗಿದ ಬೆಳಕಿನ ಶಕ್ತಿಯಲ್ಲಿ ಒಂದಂಶ ಒಳಗೇ ವ್ಯಯವಾಗಿ, ಉಳಿದದ್ದು ಕಡಮೆ ಶಕ್ತಿಯ ಬೇರೊಂದು ಬಣ್ಣವಾಗಿ ಹೊರಬರುವುದೇ ಪ್ರತಿದೀಪ್ತಿ. ಇದೆಲ್ಲ ನಡೆಯುವುದು ಒಂದು ಸೆಕೆಂಡಿನ ಕೋಟಿಯಲ್ಲೊಂದು ಪಾಲಿಗಿಂತಲೂ ಕಡಮೆ ಅವಧಿಯಲ್ಲಿ.

ಈ ಸೋಜಿಗವನ್ನು ಹಿಂದಿನವರೂ ಕಂಡಿದ್ದರು. ಸ್ಪೇನಿನ ವೈದ್ಯ ಮೊನಾರ್ಡೆಸನು 1565ರಲ್ಲಿ ಅಮೆರಿಕದಿಂದ ಬಂದ ಒಂದು ಮರದ ಚಕ್ಕೆಯನ್ನು ನೆನೆಸಿದ ನೀರು ನೀಲಿಯಾಗಿ ಹೊಳೆಯುವುದನ್ನು ಬರೆದನು. ಮಲೇರಿಯಾಕ್ಕೆ ಕೊಡುವ ಕ್ವಿನೈನಿನ ದ್ರಾವಣದಲ್ಲಿ ಅಂಥದೇ ನೀಲಿಯನ್ನು 1845ರಲ್ಲಿ ಜಾನ್ ಹರ್ಷೆಲ್ ವರ್ಣಿಸಿದನು. ಕೊನೆಗೆ 1852ರಲ್ಲಿ ಕೇಂಬ್ರಿಜ್ಜಿನ ಜಾರ್ಜ್ ಸ್ಟೋಕ್ಸನು, ಒಳಹೋದ ಬೆಳಕೂ ಹೊರಬಂದ ಬೆಳಕೂ ಒಂದೇ ಅಲ್ಲವೆಂದು ಸಿದ್ಧಪಡಿಸಿ, ಫ್ಲೋರ್‌ಸ್ಪಾರ್ ಎಂಬ ಖನಿಜದ ಹೆಸರಿನಿಂದ ಈ ವಿದ್ಯಮಾನಕ್ಕೆ ಇಂಗ್ಲಿಷಿನಲ್ಲಿ ಹೆಸರಿಟ್ಟನು. 1871ರಲ್ಲಿ ಜರ್ಮನಿಯ ಬೇಯರ್ ಎಂಬ ರಸಾಯನಜ್ಞನು ಫ್ಲೂರೊಸೀನ್ ಎಂಬ ಬಣ್ಣವನ್ನು ತಯಾರಿಸಿದನು. ನೀಲಿ ಬೆಳಕನ್ನು ಕುಡಿದು ಹಸಿರನ್ನು ಸೂಸುವ ಈ ಬಣ್ಣವೇ ಇಂದಿನ ನಮ್ಮ ಕಥೆಯ ನಾಯಕನ ಪೂರ್ವಜ.

ಈ ಬಣ್ಣ ಮೊದಲು ಹೇಳಿದ ದೊಡ್ಡ ಸಾಕ್ಷಿ ಒಂದು ನದಿಯದು. ಡ್ಯಾನ್ಯೂಬ್ ನದಿಯ ನೀರು ಒಂದೆಡೆ ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಂಗಿಹೋಗುತ್ತಿತ್ತು. ಸುಮಾರು ಹನ್ನೆರಡು ಕಿಲೋಮೀಟರು ದೂರದಲ್ಲಿ ಆಖ್ ಎಂಬ ಊಟೆಯೊಂದು ಭೋರೆಂದು ಚಿಮ್ಮುತ್ತಿತ್ತು. ಎರಡೂ ಒಂದೇ ನೀರೇ? 1877ರಲ್ಲಿ ನೀರು ಇಂಗುವಲ್ಲಿ ಫ್ಲೂರೊಸೀನನ್ನು ಸುರಿದರು. ಎರಡು ಮೂರು ದಿನಗಳಲ್ಲಿ ಆಖ್ ಊಟೆಯ ನೀರು ಹಸಿರಾಗಿ ಹೊಳೆಯಿತು. ಕೃಷ್ಣೆಯ ದಂಡೆಯಲ್ಲಿ ಬೆಳೆದವರಿಗೆ ಈ ಪ್ರಯೋಗದ ಸೊಗಸನ್ನು ವಿವರಿಸಬೇಕಾಗಿಲ್ಲ. ಆದರೆ ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಡ್ಯಾನ್ಯೂಬಿನಲ್ಲಿ ಬಣ್ಣವು ಬರಿಯ ಪ್ರಯಾಣಿಕ. ಹೋದದ್ದು ಹೋದ ಹಾಗೆಯೇ ಬಂದಿತು. ದಾರಿಯಲ್ಲಿ ಯಾರನ್ನೂ ಮುಟ್ಟಲಿಲ್ಲ. ಜೀವಕೋಶದಲ್ಲಿ ಅದು ಮಾಡಬೇಕಾದ ಕೆಲಸ ಬೇರೆ. ಅಲ್ಲಿ ಅದು ಇನ್ನೊಂದು ಅಣುವಿನೊಡನೆ ಕೂಡಿ, ತಾನೇ ಬದಲಾಗಿ, ಆ ಬದಲಾವಣೆಯನ್ನೇ ಬೆಳಕಿನ ಮಾತಿನಲ್ಲಿ ಹೇಳಬೇಕು. ಮುಂದೆ ಬಂದ ತೊಡಕುಗಳೆಲ್ಲ ಈ ವ್ಯತ್ಯಾಸದಲ್ಲಿಯೇ ಅಡಗಿವೆ.

ಕಂಡ ಬೆಳಕನ್ನು ಅದು ಯಾವ ಬೆಳಕೆಂದು ವಿಚಾರಿಸುವ ಶಿಸ್ತಿಗೆ ನಮ್ಮ ದೇಶದಲ್ಲಿಯೇ ಉಜ್ವಲವಾದ ನಿದರ್ಶನವಿದೆ. 1923ರಲ್ಲಿ ಸಿ. ವಿ. ರಾಮನ್ ಅವರ ಶಿಷ್ಯ ಕೆ. ಆರ್. ರಾಮನಾಥನ್ ಅವರು ದ್ರವಗಳಲ್ಲಿ ಚದುರಿದ ಬೆಳಕಿನೊಡನೆ ಕ್ಷೀಣವಾದ ಬೇರೊಂದು ಬೆಳಕನ್ನು ಕಂಡರು. ಅದು ದ್ರವದಲ್ಲಿನ ಕಶ್ಮಲದ ಪ್ರತಿದೀಪ್ತಿಯಿರಬೇಕೆಂದು ಭಾವಿಸಿ ದ್ರವವನ್ನು ಮತ್ತೆ ಮತ್ತೆ ಶುದ್ಧಿಮಾಡಿದರು, ಬೆಳಕು ಹೋಗಲಿಲ್ಲ. ಆ ಬೆಳಕು ಪ್ರಬಲವಾಗಿ ಧ್ರುವೀಕೃತವಾಗಿದ್ದುದು ಸಾಮಾನ್ಯ ಪ್ರತಿದೀಪ್ತಿಗೆ ಒಪ್ಪದ ಲಕ್ಷಣವಾಗಿತ್ತು. ಈ ಸಂಶಯದ ಎಳೆಯನ್ನು ಬಿಡದೆ ಹಿಡಿದುದರಿಂದಲೇ 1928ರ ಫೆಬ್ರವರಿ 28ರ ಶೋಧ ಸಾಧ್ಯವಾಯಿತು. ಅದನ್ನು ರಾಮನ್ ಅವರು ವಿವರವಾಗಿ ಪ್ರಕಟಿಸಿದ್ದು ಬೆಂಗಳೂರಿನಲ್ಲಿ, ಅದೇ ವರ್ಷದ ಮಾರ್ಚ್ 16ರ ಭಾಷಣದಲ್ಲಿ. ಪ್ರತಿದೀಪ್ತಿಯೆಂದು ಸುಮ್ಮನಾಗಿದ್ದರೆ ಒಂದು ಮಹಾಸತ್ಯ ಕೈತಪ್ಪುತ್ತಿತ್ತು. ಕೋಶಗಳ ಕಥೆಯಲ್ಲಿ ಅಪಾಯ ಇದಕ್ಕೆ ತಿರುವುಮುರುವು. ಅಲ್ಲಿ ಕಂಡದ್ದು ಪ್ರತಿದೀಪ್ತಿಯೇ ನಿಜ. ಆದರೆ ಅದನ್ನು ಹೊತ್ತಿಸಿದವರು ಯಾರು ಎಂಬುದೇ ಪ್ರಶ್ನೆ.

ಕೋಶದ ಒಳಗಿನ ಆ ಚಂಚಲ ಅಣುಗಳು ಯಾವುವು? ನಾವು ಉಸಿರಾಡುವ ಆಮ್ಲಜನಕ ನೀರಾಗುವ ದಾರಿಯಲ್ಲಿ ಅರ್ಧಕ್ಕೆ ನಿಂತರೆ ಸೂಪರಾಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್ ಮೊದಲಾದವು ಹುಟ್ಟುತ್ತವೆ. ನೈಟ್ರಿಕ್ ಆಕ್ಸೈಡ್ ಎಂಬ ಅನಿಲವೂ ಇಂಥದೇ ಕ್ರಿಯಾಶೀಲ ಅಣು. ಇವು ಮಿತಿಮೀರಿದರೆ ಕೋಶವನ್ನು ಕೆಡಿಸುತ್ತವೆ. ಮಿತಿಯಲ್ಲಿದ್ದರೆ ಕೋಶಕ್ಕೆ ಸಂದೇಶವನ್ನೂ ಕೊಡುತ್ತವೆ, ರೋಗಾಣುವನ್ನೂ ಕೊಲ್ಲುತ್ತವೆ. ಸೂಪರಾಕ್ಸೈಡನ್ನು ನಿವಾರಿಸಲೆಂದೇ ಜೀವಿಗಳಲ್ಲಿ ಒಂದು ಕಿಣ್ವವಿದೆಯೆಂದು 1969ರಲ್ಲಿ ಮೆಕಾರ್ಡ್ ಮತ್ತು ಫ್ರಿಡೊವಿಚ್ ತೋರಿಸಿದ ಮೇಲೆ ಇವುಗಳ ಅಭ್ಯಾಸಕ್ಕೆ ಕಳೆಕಟ್ಟಿತು. ಆದರೆ ಹುಟ್ಟಿದೊಡನೆ ಸಾಯುವುದನ್ನು ಹಿಡಿದು ತೂಗುವುದೆಂತು?

1965ರಲ್ಲಿ ಕೆಸ್ಟನ್ ಮತ್ತು ಬ್ರಾಂಟ್ ಎಂಬಿಬ್ಬರು ಫ್ಲೂರೊಸೀನಿನ ಬಂಧುವೊಂದನ್ನು ಬೆಳಗದಂತೆ ಮಾಡಿ, ಹೈಡ್ರೋಜನ್ ಪೆರಾಕ್ಸೈಡಿನ ಅತ್ಯಲ್ಪ ಪ್ರಮಾಣವನ್ನು ಅಳೆಯಲು ಅದನ್ನು ಬಳಸಿದರು. ಆರಿಸಿಟ್ಟ ದೀಪದಂಥ ಈ ವಸ್ತು ಉತ್ಕರ್ಷಣಗೊಂಡರೆ ಹಸಿರಾಗಿ ಹೊತ್ತಿಕೊಳ್ಳುತ್ತದೆ. ಇದಿಷ್ಟೂ ಪ್ರಯೋಗನಳಿಗೆಯಲ್ಲಿ. ಜೀವಂತ ಕೋಶದೊಳಕ್ಕೆ ಇಂಥ ಬಣ್ಣವನ್ನು ನುಗ್ಗಿಸುವ ಉಪಾಯ ಮರುವರ್ಷ, 1966ರಲ್ಲಿ, ರಾಟ್‌ಮನ್ ಮತ್ತು ಪೇಪರ್‌ಮಾಸ್ಟರ್ ಅವರಿಂದ ದೊರೆಯಿತು. ಬಣ್ಣಕ್ಕೆ ಅಸಿಟೇಟಿನ ಹೊದಿಕೆ ಹೊದಿಸಿದರೆ ಅದು ಕೋಶದ ಪೊರೆಯನ್ನು ದಾಟಿ ಒಳಹೋಗುತ್ತದೆ. ಒಳಗಿನ ಕಿಣ್ವಗಳು ಆ ಹೊದಿಕೆಯನ್ನು ಕಿತ್ತೊಗೆಯುತ್ತವೆ. ಆಮೇಲೆ ಅದು ಸುಲಭವಾಗಿ ಹೊರಬರಲಾರದು. ವೇಷ ಮರೆಸಿಕೊಂಡು ಕೋಟೆಯನ್ನು ಹೊಕ್ಕ ಬೇಹುಗಾರನ ವೇಷವನ್ನು ಬಾಗಿಲಲ್ಲಿ ಕಳಚಿಸಿ ಒಳಗೇ ಕೂಡಿಹಾಕಿದಂತೆ ಇದು. ಈ ಎರಡು ಉಪಾಯಗಳು ಕೂಡಿ, 1983ರ ಹೊತ್ತಿಗೆ ರಕ್ತದ ಬಿಳಿಕಣಗಳು ರೋಗಾಣುಗಳ ಮೇಲೆ ಏರಿಹೋಗುವಾಗ ಒಳಗೆ ಏಳುವ ಉತ್ಕರ್ಷಣದ ಅಲೆಯನ್ನು ಒಂದೊಂದೇ ಕಣದಲ್ಲಿ ಅಳೆಯುವುದು ಸಾಧ್ಯವಾಯಿತು.

ಇನ್ನು ನಮ್ಮ ತಂಬಾಕಿನ ಕಡೆಗೆ ಬರೋಣ. ಪ್ರಯೋಗಶಾಲೆಗೆ ಇದು ಹಳೆಯ ಪರಿಚಯ. ಎಲೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ಬರುವ ಮೊಸಾಯಿಕ್ ರೋಗವನ್ನು 1886ರಲ್ಲಿ ಅಡಾಲ್ಫ್ ಮೇಯರನು ವರ್ಣಿಸಿದನು. ಅದರ ಕಾರಣ ಬ್ಯಾಕ್ಟೀರಿಯಾಗಳನ್ನು ತಡೆಯುವ ಸೋಸುಕವನ್ನೂ ದಾಟಿಹೋಗುತ್ತದೆಂದು 1892ರಲ್ಲಿ ಇವಾನೊವ್‌ಸ್ಕಿ ತೋರಿಸಿದನು. 1898ರಲ್ಲಿ ಬೈಯರಿಂಕನು ಇದು ಹೊಸ ಬಗೆಯ ಸೋಂಕೆಂದು ಸಾರಿದನು. ವೈರಸ್ ಶಾಸ್ತ್ರ ಹುಟ್ಟಿದ್ದು ತಂಬಾಕಿನ ಎಲೆಯ ಮೇಲೆಯೇ. ತಂಬಾಕಿನ ಒಂದು ಬಂಧುಜಾತಿಯಲ್ಲಿ ವೈರಸ್ ತಗಲಿದ ಜಾಗದ ಸುತ್ತಣ ಕೋಶಗಳು ತಾವಾಗಿ ಸತ್ತು ರೋಗವನ್ನು ಅಲ್ಲಿಯೇ ಕಟ್ಟಿಹಾಕುತ್ತವೆಂಬುದನ್ನು 1929ರಲ್ಲಿ ಹೋಮ್ಸ್ ಬಳಸಿಕೊಂಡನು. ಊರಿಗೆ ಬೆಂಕಿ ಹತ್ತದಿರಲೆಂದು ಬಣವೆಯ ಸುತ್ತಲಿನ ಹುಲ್ಲನ್ನು ಮೊದಲೇ ಸುಟ್ಟುಬಿಡುವ ರೈತನ ಜಾಣತನ ಗಿಡಕ್ಕೂ ಇದೆ. ಈ ಸ್ವಯಂದಹನಕ್ಕೆ ಮೊದಲು ಕ್ರಿಯಾಶೀಲ ಆಮ್ಲಜನಕ ಉಕ್ಕುತ್ತದೆಂದು 1983ರಲ್ಲಿ ಜಪಾನಿನ ಡೋಕೆ ಆಲೂಗೆಡ್ಡೆಯಲ್ಲಿ ಕಂಡರು.

1998 ಈ ಕಥೆಯಲ್ಲಿ ಮುಖ್ಯವಾದ ವರ್ಷ. ನೈಟ್ರಿಕ್ ಆಕ್ಸೈಡ್ ನಮ್ಮ ರಕ್ತನಾಳಗಳಲ್ಲಿ ಸಂದೇಶವಾಹಕವೆಂದು ಕಂಡ ಮೂವರಿಗೆ ನೊಬೆಲ್ ಬಹುಮಾನ ಬಂದದ್ದು ಆ ವರ್ಷ. ತಂಬಾಕಿನ ರಕ್ಷಣೆಯ ಜೀನುಗಳನ್ನು ಇದೇ ಅಣು ಎಚ್ಚರಿಸಬಲ್ಲುದೆಂದು ಡರ್ನರ್, ವೆಂಡೆಹೆನ್, ಕ್ಲೆಸ್ಸಿಗ್ ಪ್ರಕಟಿಸಿದ್ದೂ ಆ ವರ್ಷ. ಟೋಕಿಯೋದಲ್ಲಿ ನಾಗಾನೊ ಅವರ ತಂಡ ನೈಟ್ರಿಕ್ ಆಕ್ಸೈಡಿಗೆಂದೇ ಹೆಣೆದ, ಡಿಎಎಫ್ ಎಂಬ ಹ್ರಸ್ವನಾಮದ ಶೋಧಕವನ್ನು ಹೊರತಂದದ್ದೂ ಆ ವರ್ಷವೇ. ಮೂರು ಹೊಳೆಗಳು 2000ದಲ್ಲಿ ಸಂಗಮಿಸಿದವು. ಫೊಯ್ಸ್ನರ್ ಮತ್ತು ಸಂಗಡಿಗರು ತಂಬಾಕಿನ ಎಲೆಯ ಹೊರಪದರಕ್ಕೆ ಆ ಬಣ್ಣವನ್ನು ಊಡಿಸಿ, ಶಿಲೀಂಧ್ರದಂಥ ರೋಗಾಣುವೊಂದರ ಕ್ರಿಪ್ಟೋಜೀನ್ ಎಂಬ ಪ್ರೋಟೀನನ್ನು ಸೋಕಿಸಿದರು. ಕೆಲವೇ ನಿಮಿಷಗಳಲ್ಲಿ ಕೋಶಗಳು ಬೆಳಗತೊಡಗಿದವು. ಹರಿತ್ಕಣಗಳಲ್ಲಿ ಮೊದಲು ಕಾಣಿಸಿದ ಹೊಳಪು ಕೋಶದ ಪೊರೆಯ ಉದ್ದಕ್ಕೂ, ಕೋಶಕೇಂದ್ರದಲ್ಲಿಯೂ ಕಂಡಿತು. ವೈರಿ ಬಂದನೆಂದು ಎಲೆ ಹೊಡೆದ ಡಂಗುರ ಕಣ್ಣಿಗೆ ಕಂಡಂತಾಯಿತು. ಆ ಚಿತ್ರಗಳನ್ನು ನೋಡಿದಾಗ ನಾನೂ ಬೆರಗಾದೆ. ವಖಾರಿಯ ಮುಂದೆ ಹಾದುಹೋಗುವಾಗ ಮೂಗಿಗೆ ಅಡರುವ ಘಾಟಿನಿಂದಲೇ ನಾವು ಬಲ್ಲ ಎಲೆಗೆ ಇಂಥ ಮೌನದ ಮಾತೊಂದಿದೆಯೆಂದು ಯಾರು ಎಣಿಸಿದ್ದರು!

ಕಥೆ ಇಲ್ಲಿಗೆ ನಿಂತಿದ್ದರೆ ಅದು ಒಂದು ವಿಜಯಗಾಥೆಯಾಗುತ್ತಿತ್ತು. ಆದರೆ 2006ರಲ್ಲಿ ಜರ್ಮನಿಯ ವ್ಯುರ್ಟ್ಸ್‌ಬುರ್ಗಿನಲ್ಲಿ ಪ್ಲಾಂಶೆ, ಕೈಸರ್ ಮೊದಲಾದವರು ಅದೇ ಪ್ರೋಟೀನನ್ನು ತಂಬಾಕಿಗೆ ಕೊಟ್ಟು, ಬಣ್ಣವನ್ನು ನೆಚ್ಚದೆ ಬೇರೊಂದು ಮಾರ್ಗದಿಂದ, ಅನಿಲವನ್ನೇ ಓಜೋನಿನೊಡನೆ ಕೂಡಿಸಿ ಅಳೆಯುವ ವಿಧಾನದಿಂದ, ಪರೀಕ್ಷಿಸಿದರು. ಈ ಎರಡನೆಯ ಸಾಕ್ಷಿ ಮೊದಲನೆಯ ಸಾಕ್ಷಿಯ ಹೇಳಿಕೆಯನ್ನು ಸಮರ್ಥಿಸಲಿಲ್ಲ. ನೈಟ್ರಿಕ್ ಆಕ್ಸೈಡಿಗೆ ಕೊಟ್ಟಿದ್ದ ಪಾತ್ರವನ್ನು ಪುನಃ ವಿಮರ್ಶಿಸಬೇಕೆಂದು ಅವರು ವಾದಿಸಿದರು. 2012ರಲ್ಲಿ ಕೈಸರ್ ಅವರ ಗುಂಪೇ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬೆಳಗುತ್ತಿದ್ದ ತಂಬಾಕಿನ ಕೋಶಗಳ ಬಣ್ಣವನ್ನು ಬೇರ್ಪಡಿಸಿ ನೋಡಿತು. ನೈಟ್ರಿಕ್ ಆಕ್ಸೈಡಿನೊಡನೆ ಕೂಡಿದರೆ ಈ ಶೋಧಕ ಟ್ರೈಯಜೋಲ್ ಎಂಬ ಒಂದು ನಿರ್ದಿಷ್ಟ ವಸ್ತುವಾಗಬೇಕು. ಅಲ್ಲಿ ಬೆಳಗುತ್ತಿದ್ದವು ಆ ವಸ್ತುವಿಗೆ ಸಂಬಂಧಿಸದ ಬೇರೆ ಸಂಯುಕ್ತಗಳು. ದೀಪ ಹೊತ್ತಿದ್ದು ನಿಜ. ಹೊತ್ತಿಸಿದ ಕೈ ನಾವೆಣಿಸಿದವರದಾಗಿರಲಿಲ್ಲ.

ಹಿಂದಿರುಗಿ ನೋಡಿದರೆ ಎಚ್ಚರಿಕೆಗಳು ಮೊದಲೇ ಇದ್ದವು. ಈ ಶೋಧಕವು ನೈಟ್ರಿಕ್ ಆಕ್ಸೈಡನ್ನು ನೇರವಾಗಿ ಹಿಡಿಯುವುದಿಲ್ಲ. ಅದು ಆಮ್ಲಜನಕದೊಡನೆ ಕೂಡಿ ಆದ ಉತ್ಪನ್ನವನ್ನು ಹಿಡಿಯುತ್ತದೆ. ನೆಲ್ಲಿಕಾಯಿಯಲ್ಲಿ ಹೇರಳವಾಗಿರುವ ಸಿ ಜೀವಸತ್ವದೊಡನೆ ಕೂಡಿದರೂ ಅದು ಬೆಳಗುವ ವಸ್ತುಗಳನ್ನು ಕೊಡುತ್ತದೆಂದು 2002ರಲ್ಲಿಯೇ ವರದಿಯಾಗಿತ್ತು. ಹೈಡ್ರೋಜನ್ ಪೆರಾಕ್ಸೈಡಿನ ಹಳೆಯ ಶೋಧಕಕ್ಕಂತೂ ದೋಷಗಳು ಹಲವು. ಅದು ಪೆರಾಕ್ಸೈಡಿನೊಡನೆ ತಾನಾಗಿ ಬೇಗ ವರ್ತಿಸುವುದಿಲ್ಲ. ಕಿಣ್ವವೋ ಕಬ್ಬಿಣವೋ ನಡುವೆ ಬೇಕು. ಬೇರೆ ಹಲವು ಉತ್ಕರ್ಷಕಗಳ ಕರೆಗೂ ಅದು ಓಗೊಡುತ್ತದೆ. ಅದನ್ನು ನೋಡಲೆಂದು ಬಿಡುವ ಬೆಳಕೇ ಅದನ್ನು ಕೆಣಕಿ, ಇಲ್ಲದ ಪೆರಾಕ್ಸೈಡನ್ನು ಹುಟ್ಟಿಸಬಹುದು. ಸಾಕ್ಷಿಯ ಕಿವಿ ಮಂದ, ನಾಲಗೆ ಸಡಿಲ. ಮೇಲಾಗಿ ನ್ಯಾಯಾಲಯಕ್ಕೆ ಬರುವಾಗ ತಾನೇ ಒಂದಿಷ್ಟು ಗದ್ದಲ ಮಾಡಿಬರುವ ಸ್ವಭಾವ. ಅದಕ್ಕೆಂದೇ 2022ರಲ್ಲಿ ಈ ಕ್ಷೇತ್ರದ ಅನೇಕ ಹಿರಿಯರು ಕೂಡಿ, ಇಂಥ ಅಳತೆಗಳನ್ನು ಹೇಗೆ ಮಾಡಬೇಕು, ಯಾವ ಅಣುವೆಂಬುದನ್ನು ಹೆಸರಿಸದೆ ಎಲ್ಲವನ್ನೂ ಒಂದೇ ಮಾತಿನಲ್ಲಿ ಹೇಳುವ ಅಭ್ಯಾಸವನ್ನು ಏಕೆ ಬಿಡಬೇಕು ಎಂಬ ಮಾರ್ಗಸೂಚಿಯನ್ನು ಪ್ರಕಟಿಸಿದರು.

ದೋಷವನ್ನು ಅರಿತಮೇಲೆ ಉತ್ತಮ ಸಾಕ್ಷಿಗಳನ್ನು ರೂಪಿಸುವ ಯತ್ನವೂ ನಡೆಯಿತು. ಪೆರಾಕ್ಸೈಡನ್ನೇ ಹೆಚ್ಚು ಆಯ್ದು ಗುರುತಿಸುವ, ಬೋರಾನ್ ಜೋಡಿಸಿದ ಬಣ್ಣವನ್ನು 2004ರಲ್ಲಿ ಕ್ರಿಸ್ಟೋಫರ್ ಚಾಂಗ್ ಅವರ ತಂಡ ತಂದಿತು. ಕಡಲಿನ ಅಂಬಲಿಮೀನಿನಿಂದ ದೊರೆತ ಹಸಿರು ಪ್ರತಿದೀಪ್ತ ಪ್ರೋಟೀನಿಗೆ 2008ರ ನೊಬೆಲ್ ಬಹುಮಾನ ಸಂದದ್ದು ಎಲ್ಲರಿಗೂ ತಿಳಿದಿದೆ. ಅದನ್ನು ತಿದ್ದಿ, ಕೋಶದ ಉತ್ಕರ್ಷಣ ಸ್ಥಿತಿಗೆ ತಕ್ಕಂತೆ ಬದಲಾಗುವ ಸಂವೇದಕಗಳನ್ನು ಮಾಡಿದರು. ಈ ಸಾಲಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಮಿತ್ ಸಿಂಗ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಕೆಲಸ ನಮಗೆ ವಿಶೇಷವಾಗಿ ಬೇಕಾದದ್ದು. ಅವರು ಈ ಸಂವೇದಕವನ್ನು ಕ್ಷಯದ ಬ್ಯಾಕ್ಟೀರಿಯಾದೊಳಗೇ ನೆಲೆಗೊಳಿಸಿದರು. ಎರಡು ಬಣ್ಣದ ಬೆಳಕನ್ನು ಬಿಟ್ಟು ಎರಡು ಉತ್ತರಗಳ ಅನುಪಾತವನ್ನು ನೋಡುವುದು ಇದರ ಕ್ರಮ. ಆದ್ದರಿಂದ ಸಂವೇದಕದ ಪ್ರಮಾಣ ಹೆಚ್ಚು ಕಡಮೆಯಾದರೂ ಉತ್ತರ ಕೆಡುವುದಿಲ್ಲ. ನಮ್ಮ ದೇಹದ ಭಕ್ಷಕಕೋಶದೊಳಗೆ ಸೇರಿದ ಕ್ಷಯಾಣುಗಳೆಲ್ಲ ಒಂದೇ ಸ್ಥಿತಿಯಲ್ಲಿರುವುದಿಲ್ಲ, ಕೆಲವು ಉತ್ಕರ್ಷಣಕ್ಕೆ ಸಿಕ್ಕಿವೆ, ಕೆಲವು ಅದನ್ನು ತಡೆದುಕೊಂಡಿವೆ ಎಂಬುದು ಇದರಿಂದ ಗೋಚರವಾಯಿತು. ಕ್ಷಯದ ಔಷಧ ಏಕೆ ತಿಂಗಳುಗಟ್ಟಲೆ ಬೇಕೆಂಬ ಪ್ರಶ್ನೆಗೆ ಹೊಸ ದಿಕ್ಕಿನಿಂದ ಉತ್ತರ ಹುಡುಕಲು ಇದು ನೆರವಾಗುತ್ತದೆ.

ಈ ಚರಿತ್ರೆಯನ್ನು ನಾನು ನಮ್ಮ ಸೀಮೆಯ ಮುಂದಿಡಲು ಒಂದು ಕಾರಣವಿದೆ. ಬದುಕಿರುವ ತಂಬಾಕಿನ ಎಲೆ ತನ್ನ ರಕ್ಷಣೆಗಾಗಿ ಕ್ರಿಯಾಶೀಲ ಅಣುಗಳನ್ನು ಅಳೆದು ಸುರಿದು ಬಳಸುತ್ತದೆ. ಅದೇ ಎಲೆಯನ್ನು ಒಣಗಿಸಿ ಸುಟ್ಟಾಗ ಹೊಗೆಯಲ್ಲಿ ನೈಟ್ರಿಕ್ ಆಕ್ಸೈಡೂ ಮುಕ್ತ ರ‍್ಯಾಡಿಕಲ್ಲುಗಳೂ ಅಳತೆಯಿಲ್ಲದೆ ಹುಟ್ಟುತ್ತವೆ. ಸಿಗರೇಟಿನ ಹೊಗೆಯಲ್ಲಿನ ಅವುಗಳ ರಸಾಯನವನ್ನು 1985ರಲ್ಲಿಯೇ ಚರ್ಚ್ ಮತ್ತು ಪ್ರಯರ್ ವಿವರಿಸಿದ್ದಾರೆ. ಹೊಗೆಯ ಕೇಡಿಗೆ ಪ್ರಮಾಣ ಒಂದೇ ಬಣ್ಣದ ಮೇಲೆ ನಿಂತಿಲ್ಲ. ಆಸ್ಪತ್ರೆಯ ದಾಖಲೆ, ಜನಸಮುದಾಯದ ಅಭ್ಯಾಸ, ರಸಾಯನ, ಕೋಶಶಾಸ್ತ್ರ ಎಲ್ಲವೂ ಬೇರೆ ಬೇರೆ ದಾರಿಯಿಂದ ಒಂದೇ ಮಾತಿಗೆ ಬಂದಿವೆ. ಅದರಿಂದಲೇ ಅದು ಅಚಲ. ಇದಕ್ಕೆ ಪ್ರತಿಯಾಗಿ, ಉತ್ಕರ್ಷಣವನ್ನು ತಡೆಯುವ ಪುಡಿ, ರಸ, ಗುಳಿಗೆಗಳೆಂದು ಪೇಟೆಯಲ್ಲಿ ಮಾರುವವರು, ಕೋಶಗಳ ಹೊಳಪು ಕಡಮೆಯಾದ ಒಂದೇ ಚಿತ್ರವನ್ನು ತೋರಿಸಿ ರೋಗಿಯ ಹಣವನ್ನೂ, ಅದಕ್ಕಿಂತ ಬೆಲೆಬಾಳುವ ಕಾಲವನ್ನೂ ಕಸಿದುಕೊಳ್ಳುವುದುಂಟು. ವಖಾರಿಯ ಧೂಳಿನಲ್ಲಿ ದುಡಿದು ಕೆಮ್ಮುವ ಹೆಂಗಸಿಗೆ ಈ ಎರಡು ಬಗೆಯ ಪ್ರಮಾಣಗಳ ಅಂತರ ಪಾಂಡಿತ್ಯದ ವಿಷಯವಲ್ಲ.

ಆದ್ದರಿಂದ ಪ್ರಯೋಗದ ಚಿತ್ರವೊಂದನ್ನು ಯಾರಾದರೂ ಮುಂದೊಡ್ಡಿದಾಗ ಮೂರು ಪ್ರಶ್ನೆಗಳನ್ನು ಕೇಳುವುದು ಒಳ್ಳೆಯದು. ಯಾವ ಅಣುವನ್ನು ಕಂಡಿರಿ? ಆ ಅಣುವನ್ನು ತೆಗೆದುಹಾಕಿದಾಗ ಬೆಳಕು ಆರಿತೇ? ಬಣ್ಣದ ಹಂಗಿಲ್ಲದ ಎರಡನೆಯ ಸಾಕ್ಷಿಯೇನು ಹೇಳಿತು? ನಮ್ಮ ಶಾಲೆ ಕಾಲೇಜುಗಳಲ್ಲಿ ಹಸಿರು ದ್ರವವನ್ನು ಬಿಸಿಲಿಗೆ ಹಿಡಿದು ಕೆಂಪನ್ನು ತೋರಿಸುವ ಅಧ್ಯಾಪಕರು, ಆ ಕೆಂಪಿನ ಜೊತೆಗೆ ಈ ಮೂರು ಪ್ರಶ್ನೆಗಳನ್ನೂ ಮಕ್ಕಳಿಗೆ ಕಲಿಸಿದರೆ ಅದಕ್ಕೆ ಬೇಕಾದ ಖರ್ಚು ಒಂದು ಎಲೆ ಮತ್ತು ಒಂದಿಷ್ಟು ಸ್ಪಿರಿಟ್ಟು ಮಾತ್ರ.